ಇವತ್ತಿನ ಕಲಾವಿದರನ್ನು ಎಲ್ಲಿ ಹುಡುಕೋದು? ಚಿತ್ರಸಂತೆ, ಮ್ಯೂಸಿಯಂ, ಗ್ಯಾಲರಿ, ಕೊಚ್ಚಿ, ಮೊಬೈಲ್: ಯಾರಿಗೆ ಯಾವುದು ಸರಿ

ಈಗ ಬದುಕಿರುವ ಐದು ಜನ ಕನ್ನಡ ಕವಿಗಳ ಹೆಸರು ಹೇಳಿ ಅಂದರೆ ನಮ್ಮಲ್ಲಿ ಹೆಚ್ಚಿನವರು ಯೋಚನೆ ಮಾಡದೆ ಹೇಳುತ್ತಾರೆ. ಗಾಯಕರು, ನಟರ ವಿಷಯ ಬಿಡಿ. ಅದೇ, ಈಗ ಬದುಕಿರುವ, ಇಲ್ಲೇ ಕರ್ನಾಟಕದಲ್ಲಿ ಕೆಲಸ ಮಾಡುತ್ತಿರುವ ಐದು ಜನ ಕಲಾವಿದರ ಹೆಸರು ಕೇಳಿ ನೋಡಿ. ರವಿವರ್ಮ ಅಂತ ಶುರುವಾಗಿ, ಕೆ. ವೆಂಕಟಪ್ಪ, ಕೆ.ಕೆ. ಹೆಬ್ಬಾರ್ ಅಂತ ಹೋಗಿ ಅಲ್ಲಿಗೆ ನಿಲ್ಲುತ್ತದೆ. ಮೂವರೂ ದೊಡ್ಡವರೇ. ಆದರೆ ಮೂವರೂ ಈಗ ಇಲ್ಲ. ಹೆಬ್ಬಾರರೂ 1996ರಲ್ಲೇ ಹೋದರು.

ನನ್ನ ಆಫೀಸಿನಲ್ಲಿ ಹೋದ ತಿಂಗಳು ಇದೇ ಮಾತು ಬಂತು. ಹೊಸ ಮನೆ ಕಟ್ಟಿಸಿದ ಸಹೋದ್ಯೋಗಿಯೊಬ್ಬರು, "ಮೇಡಂ, ಈಗಿನವರದ್ದು ಒಳ್ಳೇ ಚಿತ್ರ ನೋಡಬೇಕು ಅಂದ್ರೆ ಎಲ್ಲಿಗೆ ಹೋಗಬೇಕು? ಸುಮ್ನೆ ಅಂಗಡೀಲಿ ಸಿಗೋ ಏಳು ಕುದುರೆ ಫ್ರೇಮ್ ಹಾಕೋಕೆ ಮನಸ್ಸಿಲ್ಲ" ಅಂದರು. ನಾನು ಲೆಕ್ಕಪತ್ರದ ಕೆಲಸ ಮಾಡುವವಳು, ಕಲೆ ಓದಿದವಳಲ್ಲ. ಆದರೆ ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಬಿಡುವಾದಾಗಲೆಲ್ಲ ಚಿತ್ರ ನೋಡುತ್ತಾ ಬಂದಿದ್ದೇನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. "ಯಾವ ಜಾಗ ಬೆಸ್ಟು?" ಅಂತ ಕೇಳಿದರೆ ಉತ್ತರ ಸಿಗಲ್ಲ. ನಾನು ಮೂರು ವಿಷಯ ನೋಡುತ್ತೇನೆ. ಅಲ್ಲಿ ಕಲಾವಿದರ ಜೊತೆ ಮಾತಾಡಲು ಆಗುತ್ತದಾ? ಒಂದೇ ಕೃತಿಯ ಮುಂದೆ ಹತ್ತು ನಿಮಿಷ ನಿಲ್ಲಲು ಬಿಡುತ್ತಾರಾ? ಅದನ್ನೇ ಇನ್ನೊಂದು ಸಲ ಹೋಗಿ ನೋಡಬಹುದಾ? ಈ ಮೂರೂ ಒಂದೇ ಕಡೆ ಸಿಗುವುದು ಅಪರೂಪ. ಹಾಗಾಗಿ ನಿಮಗೆ ಯಾವುದು ಮುಖ್ಯ ಅಂತ ನೋಡಿಕೊಂಡು ಆರಿಸಿಕೊಳ್ಳಿ.

ಚಿತ್ರಸಂತೆ: ಮಾತು ಬೇಕಾದವರಿಗೆ

ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಶುರುವಾಗಿ ಎರಡು ದಶಕ ದಾಟಿದೆ. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಮೊದಲ ವಾರದ ಆಸುಪಾಸಿನಲ್ಲಿ, ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ ಇಡೀ ರಸ್ತೆಯನ್ನೇ ಕಲಾವಿದರಿಗೆ ಬಿಟ್ಟುಕೊಡುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಬೇರೆ ಬೇರೆ ರಾಜ್ಯಗಳಿಂದ ಬಂದವರು, ಫುಟ್‌ಪಾತಿಗೆ ಒರಗಿಸಿ, ಹಗ್ಗಕ್ಕೆ ನೇತುಹಾಕಿ, ಮರಕ್ಕೆ ಆನಿಸಿ ಚಿತ್ರ ಇಟ್ಟಿರುತ್ತಾರೆ. ನೂರು ರೂಪಾಯಿಯ ಪುಟ್ಟ ಚಿತ್ರದಿಂದ ಲಕ್ಷ ದಾಟುವ ಕ್ಯಾನ್ವಾಸಿನವರೆಗೆ ಎಲ್ಲವೂ ಅಲ್ಲೇ.

ಇದರ ದೊಡ್ಡ ಲಾಭ ಅಂದರೆ, ಚಿತ್ರ ಬಿಡಿಸಿದವರೇ ಚಿತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಕೇಳಿ. "ಇದು ಎಷ್ಟು ದಿನ ಹಿಡೀತು?", "ಇದು ಎಣ್ಣೆ ಬಣ್ಣನಾ ಅಕ್ರಿಲಿಕ್ಕಾ?" ಇಷ್ಟು ಸಾಕು, ಅವರು ಮಾತಾಡುತ್ತಾರೆ. ಒಂದು ಸಲ ಉತ್ತರ ಕರ್ನಾಟಕದಿಂದ ಬಂದಿದ್ದ ಹುಡುಗನೊಬ್ಬ ತನ್ನ ಲಿನೋಕಟ್ ಮುದ್ರಣಗಳನ್ನು ಹರಡಿಕೊಂಡಿದ್ದ. ನಾನು ಕೆಳಗಡೆ ಪೆನ್ಸಿಲಿನಲ್ಲಿ ಬರೆದಿದ್ದ 3/20 ಅನ್ನೋದನ್ನು ನೋಡಿ, ಇದೇನು ಬೆಲೆನಾ ಅಂತ ಕೇಳಿದೆ. ಅವನು ಚೀಲದಿಂದ ಲಿನೋ ಹಲಗೆಯನ್ನೇ ತೆಗೆದು ತೋರಿಸಿದ. ಕಂದು ಬಣ್ಣದ ಮೆತ್ತನೆಯ ಶೀಟು, ಅದರ ಮೇಲೆ ಎತ್ತಿನ ಬೆನ್ನು ಮಾತ್ರ ಉಬ್ಬಿ ನಿಂತಿತ್ತು, ಉಳಿದದ್ದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದಿದ್ದ. ಉಬ್ಬಿದ ಕಡೆ ಮಸಿ ಹತ್ತುತ್ತದೆ, ಕೆತ್ತಿದ ಕಡೆ ಕಾಗದ ಬೆಳ್ಳಗೆ ಉಳಿಯುತ್ತದೆ. ಈ ಹಲಗೆಯಿಂದ ಇಪ್ಪತ್ತು ಪ್ರತಿ ಮಾತ್ರ ತೆಗೆದಿದ್ದೇನೆ, ಇದು ಮೂರನೆಯದು, ಇಪ್ಪತ್ತೊಂದನೆಯದು ಇರಲ್ಲ ಅಂದ. ಬೆರಳಿನಿಂದ ಆ ಎತ್ತಿನ ಬೆನ್ನನ್ನು ಸವರಿ ನೋಡಿದೆ. ಮುದ್ರಣ ಕಲೆ ಅಂದರೆ ಏನು ಅಂತ ಅವತ್ತು ಒಂದು ನಿಮಿಷದಲ್ಲಿ ತಿಳಿಯಿತು.

ಇದರ ಕೊರತೆಯೂ ಅಷ್ಟೇ ದೊಡ್ಡದು. ಜನವೋ ಜನ. ಹನ್ನೊಂದು ಗಂಟೆ ಮೇಲೆ ಹೋದರೆ ಹಿಂದಿನವರು ತಳ್ಳುತ್ತಾರೆ, ಮುಂದಿನವರು ಸೆಲ್ಫಿ ತೆಗೆಯುತ್ತಾರೆ, ಹತ್ತು ನಿಮಿಷ ನಿಲ್ಲುವ ಮಾತೇ ಇಲ್ಲ. ಬೆಳಿಗ್ಗೆ ಎಂಟಕ್ಕೇ ಹೋಗಿ, ಕಲಾವಿದರು ಇನ್ನೂ ಗಂಟು ಬಿಚ್ಚುತ್ತಿರುವಾಗಲೇ. ಇನ್ನೊಂದು ವಿಷಯ, ರಸ್ತೆಯಲ್ಲಿ ಮಾರಾಟ ಆಗಬೇಕಾದ್ದರಿಂದ ಬುದ್ಧ, ಗಣೇಶ, ಬನಾರಸ್ ಘಾಟು, ಕುದುರೆ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ, ಅವರೂ ಬದುಕಬೇಕಲ್ಲ. ಆದರೆ ಹೊಸದೇನನ್ನೋ ಪ್ರಯತ್ನಿಸುತ್ತಿರುವವರನ್ನು ನೀವೇ ಹುಡುಕಬೇಕು. ವಿಡಿಯೋ ಕಲೆಗೆ, ವಸ್ತುಗಳನ್ನು ಜೋಡಿಸಿ ಇಡೀ ಜಾಗವನ್ನೇ ಕೃತಿಯಾಗಿಸುವ ಪ್ರತಿಷ್ಠಾಪನ ಕಲೆಗೆ (ಇನ್‌ಸ್ಟಲೇಶನ್) ಅಲ್ಲಿ ಜಾಗವೇ ಕಡಿಮೆ. ಮತ್ತೆ ನೋಡೋಣ ಅಂದರೆ ಇನ್ನೊಂದು ವರ್ಷ ಕಾಯಬೇಕು. ಅದಕ್ಕೇ ಇಷ್ಟವಾದವರ ಕಾರ್ಡು, ಇಲ್ಲವೇ ಇನ್‌ಸ್ಟಾಗ್ರಾಂ ಹೆಸರು ಕೇಳಿ ಬರೆದುಕೊಳ್ಳಿ.

ಸಂತೆ ಇಲ್ಲದ ದಿನವೂ ಪರಿಷತ್ತಿಗೆ ಹೋಗಬಹುದು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿ ವರ್ಷವಿಡೀ ಪ್ರದರ್ಶನಗಳು ನಡೆಯುತ್ತಲೇ ಇರುತ್ತವೆ. ಕೃಷ್ಣಾರೆಡ್ಡಿ ಅವರ ಮುದ್ರಣಗಳ ಸಂಗ್ರಹವೂ ಅಲ್ಲೇ ಇದೆ. ಒಂದೇ ತಗಡಿನ ಮೇಲೆ ಬೇರೆ ಬೇರೆ ಬಣ್ಣದ ಮಸಿ ಹಾಕಿ, ಒಂದರಲ್ಲಿ ಎಣ್ಣೆ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ ಮಾಡಿ, ಒಂದಕ್ಕೊಂದು ಕಲೆಯದ ಹಾಗೆ ಒಂದೇ ಸಲಕ್ಕೆ ಅಚ್ಚು ತೆಗೆಯುವ ವಿದ್ಯೆಯಲ್ಲಿ ಅವರದ್ದು ಜಗತ್ತೇ ಬಲ್ಲ ಹೆಸರು. ಲಿನೋಕಟ್ ನೋಡಿದ ಮೇಲೆ ಇದನ್ನು ನೋಡಿ.

ಎನ್‌ಜಿಎಂಎ ಮತ್ತು ಮ್ಯಾಪ್: ನಿಂತು ನೋಡಬೇಕಾದವರಿಗೆ

ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಅಂದರೆ ಎನ್‌ಜಿಎಂಎ, ನನ್ನ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಅತ್ಯಂತ ನೆಮ್ಮದಿಯ ಜಾಗ. ದೊಡ್ಡ ಮರಗಳು, ಹಳೇ ಬಂಗಲೆ, ಹಿಂದೆ ಹೊಸ ಕಟ್ಟಡ. ಟಿಕೆಟ್ ದುಡ್ಡು ಹೆಚ್ಚೇನಿಲ್ಲ. ಸೋಮವಾರ ರಜೆ, ಮರೆಯಬೇಡಿ. ನಾನು ಎರಡು ಸಲ ಸೋಮವಾರವೇ ಹೋಗಿ ಗೇಟಿನಿಂದ ವಾಪಸ್ ಬಂದಿದ್ದೇನೆ.

ಆದರೆ ಗೊತ್ತಿರಲಿ, ಅಲ್ಲಿನ ಬಲ ಇರುವುದು ಹಿಂದಿನವರಿಂದ ಇಂದಿನವರೆಗೆ ಬಂದ ದಾರಿಯನ್ನು ತೋರಿಸುವುದರಲ್ಲಿ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಅಂತ ನೋಡುತ್ತಾ ಬಂದರೆ ಈಗಿನವರು ಯಾಕೆ ಹೀಗೆ ಮಾಡುತ್ತಿದ್ದಾರೆ ಅನ್ನೋದಕ್ಕೆ ಒಂದು ಹಿನ್ನೆಲೆ ಸಿಗುತ್ತದೆ. "ಇದ್ಯಾಕೆ ಕಲೆ?" ಅನ್ನೋ ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಂಡವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಕಸ್ತೂರಬಾ ರಸ್ತೆಯ ಮ್ಯಾಪ್ ಬಾಗಿಲು ತೆರೆದದ್ದು 2023ರ ಫೆಬ್ರವರಿಯಲ್ಲಿ. ಪೂರ್ತಿ ಹೆಸರೇ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಸ್ಟೀಲ್ ತಗಡಿನ ಕಟ್ಟಡ, ಮನೆ ಮೇಲಿನ ಹಳೇ ನೀರಿನ ಟ್ಯಾಂಕಿನ ಹಾಗೆ ಕಾಣುತ್ತದೆ, ವಾಸ್ತುಶಿಲ್ಪಿಗಳು ಬೇಕೆಂದೇ ಹಾಗೆ ಮಾಡಿದ್ದು. ಛಾಯಾಚಿತ್ರ, ಸಿನಿಮಾ ಪೋಸ್ಟರು, ಜನಪದ ಕಲೆ, ಬಟ್ಟೆ, ಚಿತ್ರ ಎಲ್ಲವನ್ನೂ ಒಂದೇ ಸೂರಿನಡಿ ತಂದಿದ್ದಾರೆ. ಚಿತ್ರಕಲೆ ಮಾತ್ರ ಕಲೆ ಅಂದುಕೊಂಡು ಬೆಳೆದವರಿಗೆ, ಅಂದರೆ ನಮ್ಮಲ್ಲಿ ಬಹಳ ಜನಕ್ಕೆ, ಈ ಜಾಗ ಕಣ್ಣು ತೆರೆಸುತ್ತದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಎರಡರಲ್ಲಿ ನಾನು ಮ್ಯಾಪ್ ಹೇಳುತ್ತೇನೆ. ಒಬ್ಬರೇ ಹೋಗಿ ಸುಮ್ನೆ ಕೂತು ನೋಡಬೇಕು ಅಂದರೆ ಎನ್‌ಜಿಎಂಎ.

ಎರಡೂ ಕಡೆ ಸಿಗದೇ ಇರುವುದು ಕಲಾವಿದರ ಜೊತೆ ಮಾತು. ಗೋಡೆ ಮೇಲಿನ ಪುಟ್ಟ ಬರಹವೇ ಎಲ್ಲ. ಹಾಗಾಗಿ ಮೊದಲು ಚಿತ್ರ ನೋಡಿ, ಆಮೇಲೆ ಬರಹ ಓದಿ, ಆಮೇಲೆ ಮತ್ತೆ ಚಿತ್ರ ನೋಡಿ. ಬರಹ ಮೊದಲು ಓದಿದರೆ ಕಣ್ಣು ಅದನ್ನೇ ಹುಡುಕಲು ಶುರು ಮಾಡುತ್ತದೆ.

ಗ್ಯಾಲರಿಗಳು: ಬಾಗಿಲು ದಾಟಲು ಅಂಜುವವರಿಗೆ ಒಂದು ಮಾತು

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಈಗಿನ ಕಲಾವಿದರ ಹೊಸ ಕೆಲಸ ಮೊದಲು ಕಾಣಿಸುವುದೇ ಇಲ್ಲಿ, ಆದರೆ ನಮ್ಮ ಜನ ಒಳಗೆ ಹೋಗುವುದೇ ಇಲ್ಲ. ಗಾಜಿನ ಬಾಗಿಲು, ಒಳಗೆ ಎಸಿ, ಮೇಜಿನ ಹಿಂದೆ ಇಂಗ್ಲಿಷಿನಲ್ಲಿ ಮಾತಾಡುವ ಒಬ್ಬರು. ನಾನೂ ಮೊದಮೊದಲು ಹೊರಗಿಂದಲೇ ಇಣುಕಿ ಹೋದವಳು. ನೇರವಾಗಿ ಹೇಳುತ್ತೇನೆ: ಸಾಮಾನ್ಯವಾಗಿ ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ, ಕೊಳ್ಳಬೇಕು ಅಂತಲೂ ಇಲ್ಲ, ಯಾರೂ ನಿಮ್ಮ ಚಪ್ಪಲಿ ನೋಡಲ್ಲ. ಕನ್ನಡದಲ್ಲೇ ಕೇಳಿ. "ಇವರು ಯಾರು? ಎಲ್ಲಿಯವರು?" ಅಂತ ಕೇಳಿದರೆ ಸಂತೋಷದಿಂದಲೇ ಹೇಳುತ್ತಾರೆ. ಒಂದು ಕಡೆ ಮಾತ್ರ, ಹೆಸರು ಬೇಡ, ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ "ಕೊಳ್ಳೋಕೆ ಬಂದಿದ್ದೀರಾ?" ಅಂತ ಕೇಳಿದರು. ಅವತ್ತು ತುಂಬಾ ನೋವಾಯಿತು. ಆದರೆ ಇಷ್ಟು ವರ್ಷದಲ್ಲಿ ಹಾಗಾದದ್ದು ಆ ಒಂದು ಸಲ.

ವಿಲ್ಸನ್ ಗಾರ್ಡನ್ನಿನ ಗ್ಯಾಲರಿ ಸುಮುಖ ಹಳೆಯದು. ನಮ್ಮವರನ್ನೂ ಹೊರಗಿನವರನ್ನೂ ತೋರಿಸುತ್ತಾ ಬಂದಿದೆ. ಇನ್ನೊಂದು ರೀತಿಯ ಜಾಗ ಅಂದರೆ ಶಾಂತಿನಗರದ ಒನ್ ಶಾಂತಿರೋಡ್. ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟರು. ಅಲ್ಲಿ ದೇಶ ವಿದೇಶದ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ, ಮಾಡಿದ್ದನ್ನು ತೋರಿಸುತ್ತಾರೆ, ಮಾತು ನಡೆಯುತ್ತದೆ. ಮಾರಾಟದ ಗ್ಯಾಲರಿಯಲ್ಲಿ ಪೂರ್ತಿಯಾದ ಕೃತಿ ಸಿಗುತ್ತದೆ. ಇಂಥ ಜಾಗದಲ್ಲಿ ಕೃತಿ ಇನ್ನೂ ಹದವಾಗುತ್ತಿರುವುದು ಕಾಣುತ್ತದೆ. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಪ್ರದರ್ಶನದ ಮೊದಲ ದಿನ ಸಂಜೆ ಹೋದರೆ ಕಲಾವಿದರು ಸಿಗುತ್ತಾರೆ, ಆದರೆ ಗದ್ದಲದಲ್ಲಿ ಚಿತ್ರ ಸಿಗಲ್ಲ. ವಾರದ ಮಧ್ಯೆ ಮಧ್ಯಾಹ್ನ ಹೋದರೆ ಚಿತ್ರ ಸಿಗುತ್ತದೆ. ಒಂದೇ ಪ್ರದರ್ಶನಕ್ಕೆ ಎರಡೂ ಸಲ ಹೋಗುವುದು ನನ್ನ ರೂಢಿ. ಪುಕ್ಕಟೆ ಅಲ್ವಾ, ಎಷ್ಟು ಸಲ ಬೇಕಾದರೂ ಹೋಗಬಹುದು.

ಕೊಚ್ಚಿ: ದೊಡ್ಡದನ್ನು ದೊಡ್ಡದಾಗಿಯೇ ನೋಡಬೇಕಾದವರಿಗೆ

ಕೊಚ್ಚಿ-ಮುಜಿರಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನ ಶುರುವಾದದ್ದು 2012ರ ಡಿಸೆಂಬರ್ 12ಕ್ಕೆ. ಎರಡು ವರ್ಷಕ್ಕೊಮ್ಮೆ ಅಂತ ಇದ್ದರೂ ಹಾಗೇ ನಡೆಯಲ್ಲ. 2018 ಆದ ಮೇಲೆ ಕೋವಿಡ್‌ನಿಂದಾಗಿ 2022ಕ್ಕೆ ಹೋಯಿತು, ಆಮೇಲೆ 2025ರ ಡಿಸೆಂಬರ್. ಹೊರಡುವ ಮುಂಚೆ ದಿನಾಂಕ ಖಚಿತ ಮಾಡಿಕೊಳ್ಳಿ.

ನಾನು 2016ರದ್ದಕ್ಕೆ ಹೋಗಿದ್ದೆ. ಆ ಸಲ ಇಡೀ ಬಿನಾಲೆಯನ್ನು ರೂಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ. ಅವರ ತಂದೆ ಯಕ್ಷಗಾನ ಕಲಾವಿದರು. ಮಾತು, ಪದ್ಯ, ನಾಟಕ, ಚಿತ್ರ ಎಲ್ಲ ಒಟ್ಟಿಗೆ ಬರುವ ಆ ಮೇಳದ ಗುಣ ಆ ಬಿನಾಲೆಯಲ್ಲೂ ಇತ್ತು ಅಂತ ನನಗೆ ಅನ್ನಿಸಿತು. ಆಸ್ಪಿನ್‌ವಾಲ್ ಹೌಸ್ ಅನ್ನೋ ಹಳೇ ಸಾಂಬಾರ ಪದಾರ್ಥದ ಗೋದಾಮಿನಲ್ಲಿ ಚಿಲಿ ದೇಶದ ಕವಿ ರೌಲ್ ಜುರಿಟಾ ಒಂದು ಕೋಣೆ ತುಂಬಾ ಸಮುದ್ರದ ನೀರು ನಿಲ್ಲಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಚೂಡಿದಾರದ ಪ್ಯಾಂಟು ಮೇಲೆ ಮಡಚಿಕೊಂಡು, ಆ ನೀರಿನಲ್ಲಿ ನಡೆದುಕೊಂಡು ಹೋಗಬೇಕು. ಗೋಡೆಯ ಮೇಲೆ ಅವರ ಪದ್ಯದ ಸಾಲುಗಳು. ಸಮುದ್ರ ದಾಟಲು ಹೋಗಿ ಮುಳುಗಿದ ಸಿರಿಯಾದ ಮಗು ಗಾಲಿಬ್ ಕುರ್ದಿಗಾಗಿ ಮಾಡಿದ್ದು ಅದು. ಟರ್ಕಿಯ ದಡದಲ್ಲಿ ಮುಖ ಕೆಳಗಾಗಿ ಮಲಗಿದ್ದ ಪುಟ್ಟ ಅಲಾನ್‌ನ ಫೋಟೋ ನಾವೆಲ್ಲ ನೋಡಿದ್ದೇವೆ, ಅವನ ಅಣ್ಣ ಈ ಗಾಲಿಬ್. ಅವನ ಫೋಟೋ ಯಾರೂ ನೋಡಲಿಲ್ಲ. ನೀರು ತಣ್ಣಗಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಹೆಂಗಸು ಮಧ್ಯೆ ನಿಂತು ಅಳುತ್ತಿದ್ದರು. ನಾನೂ ಹೊರಗೆ ಬಂದು ಸ್ವಲ್ಪ ಹೊತ್ತು ಯಾರ ಜೊತೆಯೂ ಮಾತಾಡಲಿಲ್ಲ. ಇದನ್ನು ಫೋಟೋದಲ್ಲಿ ನೋಡಿದರೆ ನೀರು ನಿಂತ ಗೋದಾಮು, ಅಷ್ಟೇ.

ಪ್ರತಿಷ್ಠಾಪನ ಕಲೆಯನ್ನು ಇಷ್ಟು ದೊಡ್ಡದಾಗಿ ನೋಡುವ ಅವಕಾಶ ನಮ್ಮ ಕಡೆ ಕಡಿಮೆ. 2014ರಲ್ಲಿ ನಮ್ಮ ಶಾಂತಮಣಿ ಮುದ್ದಯ್ಯ ಅವರು ಮಲಗಿದ ಒಂದು ದೈತ್ಯ ಬೆನ್ನುಮೂಳೆಯನ್ನೇ ಅಲ್ಲಿ ಕಟ್ಟಿದ್ದರು. ಇದ್ದಿಲನ್ನು ಬಹಳ ವರ್ಷದಿಂದ ಕೈಯಲ್ಲಿ ಪಳಗಿಸಿಕೊಂಡವರು ಅವರು. ಬೆಂಗಳೂರಿನಿಂದ ಎರ್ನಾಕುಲಂಗೆ ರಾತ್ರಿ ರೈಲೋ ಬಸ್ಸೋ ಇದೆ. ಎರಡು ದಿನ ಬೇಕೇ ಬೇಕು. ಒಂದೇ ದಿನದಲ್ಲಿ ಎಲ್ಲ ಮುಗಿಸುತ್ತೇನೆ ಅಂತ ಓಡಿದರೆ ಸಂಜೆಗೆ ಯಾವುದೂ ನೆನಪಿರಲ್ಲ. ವಿಡಿಯೋ ಕೃತಿಗಳ ಮುಂದೆ ಕೂರಲು ಸಮಯ ಇಟ್ಟುಕೊಳ್ಳಿ, ಹತ್ತಿಪ್ಪತ್ತು ನಿಮಿಷದವು ಎಷ್ಟೋ ಇರುತ್ತವೆ. ಖರ್ಚು, ಸಮಯ ಎರಡೂ ಜಾಸ್ತಿ, ಮಾತು ಕಡಿಮೆ. ಕಲೆ ನೋಡುವುದನ್ನು ಈಗಷ್ಟೇ ಶುರು ಮಾಡಿದವರಿಗೆ ನಾನು ಇದನ್ನು ಹೇಳಲ್ಲ. ಒಂದು ವರ್ಷ ಊರಿನಲ್ಲೇ ನೋಡಿ, ಆಮೇಲೆ ಹೋಗಿ.

ಮೊಬೈಲು: ಹುಡುಕಲು ಸರಿ, ನೋಡಲು ಸಾಲದು

ಹೊಸ ಹೆಸರು ಗೊತ್ತಾಗಲು ಇನ್‌ಸ್ಟಾಗ್ರಾಂಗಿಂತ ಸುಲಭದ ದಾರಿ ಇಲ್ಲ. ಒಬ್ಬರನ್ನು ಹಿಂಬಾಲಿಸಿದರೆ ಅವರು ಯಾರನ್ನು ಹಿಂಬಾಲಿಸುತ್ತಾರೆ ಅಂತ ನೋಡಿ, ಕೊಂಡಿ ಸಿಗುತ್ತಾ ಹೋಗುತ್ತದೆ. ಮ್ಯಾಪ್‌ನವರ ಮ್ಯಾಪ್ ಅಕಾಡೆಮಿ ಜಾಲತಾಣದಲ್ಲಿ ಭಾರತದ ಕಲೆಯ ಬಗ್ಗೆ ಉಚಿತ ವಿಶ್ವಕೋಶ ಇದೆ, ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಓದಬೇಕು ಅಂದರೆ ಕರ್ನಾಟಕ ಲಲಿತಕಲಾ ಅಕಾಡೆಮಿ ನಮ್ಮ ಕಲಾವಿದರ ಬಗ್ಗೆ ತಂದಿರುವ ಪುಸ್ತಕಗಳನ್ನು ಹುಡುಕಿ. ಎಚ್.ಎ. ಅನಿಲ್‌ಕುಮಾರ್, ರವಿಕುಮಾರ್ ಕಾಶಿ ಬರೆದದ್ದು ಕಂಡರೆ ಬಿಡಬೇಡಿ. ಕಾಶಿಯವರು ಬರೆಯುವುದರ ಜೊತೆಗೆ ಕೃತಿ ರಚಿಸುವವರೂ ಹೌದು. ಕೊರಿಯಾಕ್ಕೆ ಹೋಗಿ ಅಲ್ಲಿನ ಸಾಂಪ್ರದಾಯಿಕ ಹಾಂಜಿ ಕಾಗದ ಮಾಡುವುದನ್ನು ಕಲಿತು ಬಂದು, ಕಾಗದದ ಮೇಲೆ ಚಿತ್ರ ಬಿಡಿಸುವುದನ್ನು ದಾಟಿ ಕಾಗದವನ್ನೇ ಕೃತಿಯಾಗಿ ಮಾಡುತ್ತಿದ್ದಾರೆ.

ಮೊಬೈಲಿನ ತೊಂದರೆ ಏನು ಗೊತ್ತಾ? ಎಲ್ಲವೂ ಅಂಗೈ ಅಳತೆಗೆ ಬಂದುಬಿಡುತ್ತದೆ. ಮೈಸೂರಿನ ಎನ್.ಎಸ್. ಹರ್ಷ ಅವರದ್ದು ಒಂದು ಪ್ರಸಿದ್ಧ ಕೃತಿ ಇದೆ, 1999ರಿಂದ 2001ರವರೆಗೆ ಮಾಡಿದ್ದು. ಮೂರು ಫಲಕ. ನಾವು ಬರುತ್ತೇವೆ, ಉಣ್ಣುತ್ತೇವೆ, ಮಲಗುತ್ತೇವೆ, ಇಷ್ಟೇ ಅದರ ವಿಷಯ. ಒಂದೊಂದು ಫಲಕವೂ ಹೆಚ್ಚುಕಡಿಮೆ ಆಳೆತ್ತರ. ಸಾಲು ಸಾಲು ಜನ. ಮೊಬೈಲಿನಲ್ಲಿ ನೋಡಿದರೆ ಸೀರೆಯ ಮೇಲಿನ ಸಣ್ಣ ಡಿಸೈನಿನ ಹಾಗೆ ಕಾಣುತ್ತದೆ. ದೊಡ್ಡ ಪರದೆಯಲ್ಲಿ ಹಿಗ್ಗಿಸಿ ನೋಡಿ, ಪ್ರತಿಯೊಬ್ಬರೂ ಬೇರೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಆಚೀಚೆ ನೋಡಿದರೆ ಹೇಗೆ ಒಬ್ಬೊಬ್ಬರೂ ಒಂದೊಂದು ಥರ ಉಣ್ಣುತ್ತಿರುತ್ತಾರೋ ಹಾಗೆ. ಅವರು 2008ರಲ್ಲಿ ವೇಲ್ಸ್‌ನ ಅಂತರರಾಷ್ಟ್ರೀಯ ಕಲಾ ಬಹುಮಾನ ಆರ್ಟೆಸ್ ಮುಂಡಿ ಪಡೆದರು, 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಂ ಅವರ ಅಲ್ಲಿಯವರೆಗಿನ ಕೆಲಸದ ದೊಡ್ಡ ಪ್ರದರ್ಶನ ಮಾಡಿತು. ಟೋಕಿಯೋದವರು ಕರೆದು ತೋರಿಸಿದ ಈ ಕಲಾವಿದರ ಹೆಸರು ನಮ್ಮ ಮೈಸೂರಿನ ಎಷ್ಟು ಮನೆಗಳಲ್ಲಿ ಗೊತ್ತು ಅಂತ ನೆನೆದರೆ ಸಂಕಟವಾಗುತ್ತದೆ.

ಯಾವ ಮಾಧ್ಯಮದಿಂದ ಶುರು ಮಾಡೋದು?

ಜಾಗದ ಮಾತಾಯಿತು. ಈಗ ಇನ್ನೊಂದು ಆಯ್ಕೆ. ಕಥೆ ಇಷ್ಟಪಡುವವರು, ಸಿನಿಮಾ ಇಷ್ಟಪಡುವವರು ಛಾಯಾಚಿತ್ರದಿಂದ ಶುರು ಮಾಡಿ. ಅದರಲ್ಲೂ ಪುಷ್ಪಮಾಲಾ ಎನ್. ಅವರಿಂದ. ಬೆಂಗಳೂರಿನವರು, ಶಿಲ್ಪಿಯಾಗಿ ಶುರು ಮಾಡಿ, 90ರ ದಶಕದ ಮಧ್ಯದಲ್ಲಿ ಕ್ಯಾಮೆರಾ ಕಡೆ ಬಂದರು. ಆದರೆ ಅವರು ನಿಲ್ಲುವುದು ಕ್ಯಾಮೆರಾದ ಮುಂದೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಒಂದು ಸರಣಿಯಲ್ಲಿ ರವಿವರ್ಮನ ಲಕ್ಷ್ಮಿ ಆಗುತ್ತಾರೆ, ಹಾಗೇ ಬ್ರಿಟಿಷರ ಕಾಲದಲ್ಲಿ ಚೌಕುಳಿ ಹಾಸಿನ ಮುಂದೆ ನಿಲ್ಲಿಸಿ ಅಳತೆ ಮಾಡಿ ಫೋಟೋ ತೆಗೆದ, ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸೂ ಆಗುತ್ತಾರೆ. ಮನೆಯ ಕ್ಯಾಲೆಂಡರಿನಲ್ಲಿ ದಿನಾ ನೋಡುವ ಲಕ್ಷ್ಮಿಯ ಜಾಗದಲ್ಲಿ ಒಬ್ಬ ನಿಜವಾದ ಹೆಂಗಸು ನಿಂತು ನಿಮ್ಮನ್ನೇ ನೋಡಿದರೆ ಹೇಗಿರುತ್ತದೆ? ಹೆಂಗಸನ್ನು ಯಾರು, ಯಾಕೆ ಹೀಗೆ ನಿಲ್ಲಿಸಿದರು ಅನ್ನೋ ಪ್ರಶ್ನೆ ತಾನಾಗಿಯೇ ಬರುತ್ತದೆ. ತಾವು ನಡೆಸುವ ವೇದಿಕೆಗೆ ಅವರು ಇಟ್ಟ ಹೆಸರು ಸೋಂಬೇರಿ ಕಟ್ಟೆ. ಊರ ಮುಂದಿನ ಕಟ್ಟೆಯನ್ನು ಹೀಗೆ ನೆನೆಸಿಕೊಂಡ ಆ ಹೆಸರೇ ನನಗೆ ತುಂಬಾ ಹಿಡಿಸಿತು.

ಕೈಕೆಲಸದ ಮೇಲೆ ಪ್ರೀತಿ ಇರುವವರು, ಹೊಲಿಗೆ, ಹೆಣಿಗೆ, ಬುಟ್ಟಿ, ಮರ ಅಂತ ಬೆಳೆದವರು, ಶೀಲಾ ಗೌಡ ಅವರ ಕೆಲಸ ನೋಡಿ. 1957ರಲ್ಲಿ ನಮ್ಮ ಭದ್ರಾವತಿಯಲ್ಲಿ ಹುಟ್ಟಿದವರು. ನಮ್ಮ ಊರಿನವರು ಅನ್ನೋದಕ್ಕೆ ನನಗೆ ಹೆಮ್ಮೆ. ಸಗಣಿ, ಕುಂಕುಮ, ಸೂಜಿ, ದಾರ, ಡಾಂಬರು ಡ್ರಮ್ಮಿನ ತಗಡು, ಇವೇ ಅವರ ಸಾಮಗ್ರಿ. ಸೂಜಿಯ ಕಣ್ಣಿಗೆ ಪೋಣಿಸಿ ನೂರು ಮೀಟರಿಗೂ ಮೀರಿ ಎಳೆದ ದಾರಗಳನ್ನು ಒಟ್ಟು ಸೇರಿಸಿ, ಕುಂಕುಮ ಮತ್ತು ಅಂಟು ಬಳಿದು, ಕೆಂಪು ಹಗ್ಗ ಮಾಡಿದ ಒಂದು ಕೃತಿ ಇದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ. ಹೊಲಿಗೆ ಮಾಡಿದ ಹೆಂಗಸಿಗೆ ಅದನ್ನು ವಿವರಿಸಬೇಕಾಗಿಲ್ಲ.

2009ರ ಇನ್ನೊಂದು ಕೃತಿಯ ಫೋಟೋವನ್ನು ನಾನು ಊರಿಗೆ ಹೋದಾಗ ಅಮ್ಮನಿಗೆ ತೋರಿಸಿದೆ. ಸುಮಾರು 4,000 ಮೀಟರ್ ಉದ್ದದ ಕೂದಲ ಹಗ್ಗ, ಅದರಲ್ಲಿ ತೂಗಿಬಿಟ್ಟ ಇಪ್ಪತ್ತು ಕಾರಿನ ಬಂಪರುಗಳು. ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ನಾನು ಇದನ್ನೆಲ್ಲ ಹೇಳುವ ಮುಂಚೆಯೇ ಅಮ್ಮ ಕನ್ನಡಕ ಸರಿಮಾಡಿಕೊಂಡು, "ಇದು ಗಾಡಿ ಬಂಪರಿಗೆ ಕಟ್ತಾರಲ್ಲ, ದೃಷ್ಟಿ ಆಗಬಾರದು ಅಂತ, ಆ ಕೂದಲ ಹಗ್ಗ ಅಲ್ವೇನೇ?" ಅಂದರು. ಹೌದಮ್ಮ, ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲು ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಜನರ ಹರಕೆ ಇದೆಯೋ ಅದರಲ್ಲಿ" ಅಂದರು. ಆ ಬಂಪರುಗಳ ಭಾರವನ್ನು ಆ ಕೂದಲೇ ಹೊತ್ತಿದೆ ಅನ್ನೋದನ್ನು ನಾನು ಗಮನಿಸಿದ್ದು ಆಮೇಲೆ. ಕಲೆ ಅರ್ಥವಾಗಲ್ಲ ಅನ್ನುವವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ. ಅಮ್ಮ ಓದಿದ್ದು ಏಳನೇ ಕ್ಲಾಸು.

ಗೋಡೆಗೆ ಚಿತ್ರ ಬೇಕು, ಬಣ್ಣ ಬೇಕು ಅನ್ನುವವರಿಗೆ ಚಿತ್ರಕಲೆಯೇ ಸರಿ, ಅದರಲ್ಲಿ ಸಂಕೋಚ ಬೇಡ. ಎಸ್.ಜಿ. ವಾಸುದೇವ್ ಅವರ ಕೆಲಸ ಒಳ್ಳೆಯ ಶುರು. ಮರ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೇ ಮನಸ್ಸು ತಾಮ್ರದ ತಗಡಿನ ಉಬ್ಬು ಕೆಲಸದಲ್ಲಿ ಹೇಗೆ ಬರುತ್ತದೆ, ನೇಕಾರ ಸುಬ್ಬರಾಯಲು ಜೊತೆ ಸೇರಿ ಮಾಡಿದ ರೇಷ್ಮೆ ನೇಯ್ಗೆಯಲ್ಲಿ ಹೇಗೆ ಬದಲಾಗುತ್ತದೆ ಅಂತ ಪಕ್ಕ ಪಕ್ಕ ಇಟ್ಟು ನೋಡಬಹುದು. ಮಾಧ್ಯಮ ಬದಲಾದರೆ ಚಿತ್ರದಲ್ಲಿ ಏನೇನು ಬದಲಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸುಲಭದ ಪಾಠ ನನಗೆ ಸಿಕ್ಕಿಲ್ಲ.

ಬೀದಿಯ ಕಲೆಗೆ ನೀವು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ನಿಮ್ಮ ದಾರಿಗೆ ಬರುತ್ತದೆ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಇಟ್ಟದ್ದು, 2019ರಲ್ಲಿ ಹಳ್ಳ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದವರು ಚಂದ್ರನ ಮೇಲೆ ನಡೆದಂತೆ ನಡೆದದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಹೆಣ್ಣುಮಕ್ಕಳು ಸೇರಿ ದೊಡ್ಡ ದೊಡ್ಡ ಗೋಡೆಗಳಿಗೆ ಬಣ್ಣ ಬಳಿಯುತ್ತಾರೆ. 2024ರಲ್ಲಿ ವೆನಿಸ್ ಬಿನಾಲೆಯಲ್ಲೂ ಅವರ ಗೋಡೆ ಇತ್ತು. ಬೀದಿ ಕಲೆ ಹೆಚ್ಚು ದಿನ ಉಳಿಯಲ್ಲ. ಕಂಡಾಗಲೇ ನಿಂತು ನೋಡಿ.

ಬೆಂಗಳೂರಿನಲ್ಲಿ ಇಲ್ಲದವರು ಏನು ಮಾಡಬೇಕು?

ಕಲಾ ಶಾಲೆ ಇರುವ ಊರಿನವರಿಗೆ ದಾರಿ ಸುಲಭ. ಮೈಸೂರಿನ ಕಾವಾ ಕಲಾ ಕಾಲೇಜು, ದಾವಣಗೆರೆ, ಧಾರವಾಡ, ಕಲಬುರಗಿ, ಗದಗ, ಇಲ್ಲೆಲ್ಲ ಕಲೆ ಕಲಿಸುವ ಜಾಗಗಳಿವೆ. ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನ ಯಾವಾಗ ಅಂತ ವಿಚಾರಿಸಿ ಹೋಗಿ. ಇವತ್ತಿನ ದೊಡ್ಡ ಹೆಸರುಗಳಲ್ಲಿ ಹಲವರು ಇಂಥ ಕಾಲೇಜಿನಿಂದ ಬಂದವರೇ. ಹರ್ಷ ಕಲಿತದ್ದು ಕಾವಾದಲ್ಲಿ. ಚಿತ್ರಸಂತೆಯ ಮಾತು, ಗ್ಯಾಲರಿಯ ಬಿಡುವು ಎರಡೂ ಒಟ್ಟಿಗೆ ಸಿಗುವ ಜಾಗ ಅಂದರೆ ನಿಜವಾಗಿ ಇದೇ. ನಾನು ಹೇಳಿದ ಮೂರು ವಿಷಯದಲ್ಲಿ ಎರಡಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಕೊಳ್ಳುವುದಾದರೆ

ಸಹೋದ್ಯೋಗಿಗೆ ಕಡೆಗೆ ನಾನು ಹೇಳಿದ್ದು: ಮೊದಲ ಸಲಕ್ಕೆ ಮುದ್ರಣ ಕೊಳ್ಳಿ. ಕ್ಯಾನ್ವಾಸಿಗಿಂತ ಬೆಲೆ ಕಡಿಮೆ, ಆದರೆ ಅದೂ ಕಲಾವಿದರ ಕೈಯಿಂದಲೇ ಬಂದ ಮೂಲ ಕೃತಿ. ಕೆಳಗೆ ಪೆನ್ಸಿಲಿನಲ್ಲಿ ಪ್ರತಿ ಸಂಖ್ಯೆ ಮತ್ತು ಸಹಿ ಇದೆಯಾ ನೋಡಿ. ಕಂಪ್ಯೂಟರಿನಿಂದ ತೆಗೆದ ಡಿಜಿಟಲ್ ಪ್ರಿಂಟಿಗೂ ಕೆಲವರು ಹೀಗೇ ಸಂಖ್ಯೆ ಹಾಕುತ್ತಾರೆ. ಅದೂ ತಪ್ಪಲ್ಲ, ಆದರೆ ಯಾವುದು ಅಂತ ಕೇಳಿ ತಿಳಿದುಕೊಂಡು ದುಡ್ಡು ಕೊಡಿ. ಚಿತ್ರಸಂತೆಯಲ್ಲಿ ತರಕಾರಿಯ ಹಾಗೆ ಚೌಕಾಸಿ ಮಾಡಬೇಡಿ. ಬೆಲೆ ನಿಮ್ಮ ಕೈಗೆ ಎಟುಕದಿದ್ದರೆ, ಇದೇ ಥರದ್ದು ಚಿಕ್ಕದು ಇದೆಯಾ ಅಂತ ಕೇಳಿ, ಸಾಮಾನ್ಯವಾಗಿ ಇರುತ್ತದೆ. ಎಣ್ಣೆ ಬಣ್ಣದ್ದಾದರೆ ಯಾವಾಗ ಮಾಡಿದ್ದು ಅಂತ ಕೇಳಿ. ಅಕ್ರಿಲಿಕ್ ಬೇಗ ಒಣಗುತ್ತದೆ, ಎಣ್ಣೆ ಬಣ್ಣ ಒಳಗಿನವರೆಗೆ ಒಣಗಲು ತಿಂಗಳುಗಳೇ ಬೇಕು, ಹೊಸದನ್ನು ಸುತ್ತಿದರೆ ಅಂಟಿಕೊಳ್ಳುತ್ತದೆ. ಕಾಗದದ ಮೇಲಿನ ಕೆಲಸವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಫ್ರೇಮ್ ಮಾಡಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ಮಧ್ಯೆ ಮೌಂಟ್, ಅಂದರೆ ಸುತ್ತ ದಪ್ಪ ರಟ್ಟಿನ ಅಂಚು, ಹಾಕಿಸಿ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ಅದು ಬೇಕೇ ಬೇಕು.

ಅವರು ಈ ಜನವರಿಯ ಸಂತೆಗೆ ಬರುತ್ತೇನೆ ಅಂದಿದ್ದಾರೆ, ಮಗಳನ್ನೂ ಕರೆದುಕೊಂಡು. ಬೆಳಿಗ್ಗೆ ಎಂಟಕ್ಕೆ ಪರಿಷತ್ತಿನ ಗೇಟಿನ ಹತ್ತಿರ ಸಿಗುತ್ತೇವೆ. ಚಿತ್ರ ಸುತ್ತಿಕೊಂಡು ಬರಲು ಎರಡಡಿಯ ದಪ್ಪ ಪಿವಿಸಿ ಪೈಪಿನ ತುಂಡು ತರಲು ಹೇಳಿದ್ದೇನೆ, ಎರಡೂ ಬಾಯಿಗೆ ಕಟ್ಟಲು ಪ್ಲಾಸ್ಟಿಕ್ ಕವರು ಮತ್ತು ರಬ್ಬರ್ ಬ್ಯಾಂಡು.